ಚೌಡಪ್ಪ ಮಾವನಿಗೆ ಮೊದಲ ಮಾತು ಕೊಟ್ಟ ವರ್ಷ

ಕಾಂಗೇಯದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಿದ್ದೆನಷ್ಟೆ, ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಹೆಗಲ ಮೇಲಿನ ಟವೆಲ್ಲನ್ನು ಕಿತ್ತುಕೊಂಡು ಹೋಯಿತು. ಹಿಡಿಯಲು ಬಗ್ಗಿದಾಗ ಹಳೆಯ ವಾಸನೆ ಮೂಗಿಗೆ ಬಂತು. ಕಣದಲ್ಲಿ ಒಣಗುತ್ತಿರುವ ಕೊಬ್ಬರಿ, ಗಿರಣಿಯ ಬಿಸಿ ಎಣ್ಣೆ, ಅವೆರಡರ ನಡುವೆ ಎಲ್ಲೋ ಹುರುಳಿ ಬೇಯುತ್ತಿರುವ ವಾಸನೆ. ಹುಷಾರಿಲ್ಲದ ನೆಂಟರೊಬ್ಬರನ್ನು ನೋಡಿಕೊಂಡು ಹೋಗಲು ಬಂದವನು ನಾನು. ಅವರ ಮನೆಯ ದಾರಿ ಬಲಕ್ಕೆ. ಕಾಲು ಎಡಕ್ಕೆ ತಿರುಗಿತು.

ಒಂದು ಕಾಲಕ್ಕೆ ನಮ್ಮ ಹೊಟೇಲು ಇದ್ದ ಕಡೆ ಈಗ ಪಂಪ್‌ಸೆಟ್ ಅಂಗಡಿ. ಮುಂಭಾಗವೆಲ್ಲ ಗಾಜು, ಬಣ್ಣ. ಆದರೆ ನಡುಗೋಡೆಯನ್ನು ಯಾರೂ ಒಡೆದಿಲ್ಲ. ಅದರಲ್ಲಿ ಬಾಗಿಲಿಲ್ಲದ ಆ ಚೌಕಟ್ಟು ಹಾಗೇ ಇದೆ. ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ತಲೆಯೆತ್ತಿದಳು.

“ಏನು ಬೇಕುಂಗಯ್ಯಾ?”

“ಏನೂ ಬೇಡಮ್ಮ. ಆ ಗೋಡೆ ಹಿಂದೆ ಒಂದು ನಿಮಿಷ ನಿಂತುಕೊಂಡು ಹೋಗಲಾ?”

“ಅಲ್ಲಿ ಪೈಪು ಬಿಟ್ಟರೆ ಏನೂ ಇಲ್ಲವಲ್ಲ!”

“ಗೊತ್ತು. ಸುಮ್ಮನೆ ನಿಲ್ಲುತ್ತೇನೆ.”

ನನ್ನ ನೆರೆತ ತಲೆ ನೋಡಿ ನಕ್ಕು ದಾರಿ ಬಿಟ್ಟಳು. ಹೋಗಿ ನಿಂತೆ. ಎಡಗೈ ತಾನಾಗಿ ಮೇಲೆದ್ದು, ಅಲ್ಲಿ ಇಲ್ಲದ ಪರದೆಯೊಂದರ ಅಂಚನ್ನು ಹಿಡಿದುಕೊಂಡಿತು.

ನಮ್ಮದು ಮಗ್ಗದ ಮನೆತನ. ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದೆವೋ ಹೇಳಬಲ್ಲವರು ಯಾರೂ ಉಳಿದಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಕನ್ನಡವೆಲ್ಲ ಅಜ್ಜಿ, ತಾತಂದಿರ ಬಾಯಿಂದ ಕಿವಿಗೆ ಬಂದದ್ದು. ಅದರ ಅಕ್ಷರ ಬಲ್ಲವರು ನಮ್ಮ ಬೀದಿಗೆಲ್ಲ ಒಬ್ಬರೇ, ನನ್ನ ತಾಯಿಯ ಅಣ್ಣ ಚೌಡಪ್ಪ ಮಾವ. ಹರೆಯದಲ್ಲಿ ಎರಡು ವರ್ಷ ಕೊಳ್ಳೇಗಾಲದಲ್ಲಿ ರೇಷ್ಮೆ ನೇಯಲು ಹೋಗಿದ್ದಾಗ ಕಲಿತುಕೊಂಡು ಬಂದಿದ್ದರಂತೆ.

ಮಾವ ಮಾಡದ ಕೆಲಸವಿರಲಿಲ್ಲ. ಮಗ್ಗ ತುಳಿದರು. ಸೀರೆಯ ಗಂಟು ಹೊತ್ತು ಪಲ್ಲಡದ ಸಂತೆಗೆ ತಿರುಗಿದರು. ಟೆಂಟ್ ಸಿನಿಮಾದಲ್ಲಿ ಗೇಟು ಕಾದರು. ಆ ಟೆಂಟಿನಲ್ಲಿ ರೀಲು ಬರದ ಒಂದು ದಿನ, ಕೂತ ಜನ ಗಲಾಟೆ ಮಾಡಬಾರದೆಂದು ಊರಿನ ನಾಲ್ಕು ಹಾಡುಗಾರರನ್ನು ಎಳೆತಂದು ನಾಟಕದ ಒಂದು ಸೀನು ಆಡಿಸಿದರು. ಅಲ್ಲಿಂದ ಹಿಡಿಯಿತು ಹುಚ್ಚು. ಪಾತ್ರಧಾರಿಗಳನ್ನು ಕೂಡಿಸಿ, ಪರದೆ ಬರೆಸಿ, ಊರೂರಿಗೆ ನಾಟಕ ಕೊಂಡೊಯ್ಯುವವನಿಗೆ ನಮ್ಮ ಕಡೆ ಕಂಟ್ರಾಕ್ಟರ್ ಎನ್ನುತ್ತಾರೆ. ಇಪ್ಪತ್ತು ವರ್ಷ ಮಾವ ಕಂಟ್ರಾಕ್ಟರ್ ಆಗಿದ್ದರು. ಒಂದು ದಿನವೂ ಮುಖಕ್ಕೆ ಬಣ್ಣ ಹಚ್ಚಿದವರಲ್ಲ.

ನಾನು ಆ ಕಂಪನಿಯ ಪ್ರಾಂಪ್ಟರ್. ಪರದೆಯ ಪಕ್ಕ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವನಿಗೆ ಮಾತು ಎತ್ತಿಕೊಡುವವನು. ನಾಟಕ ತಮಿಳು. ಪುಸ್ತಕ ಮಾತ್ರ ಕನ್ನಡ ಅಕ್ಷರದಲ್ಲಿ. ಅದಕ್ಕೊಂದು ಕಾರಣವಿತ್ತು. ತಮಿಳು ಅಕ್ಷರದಲ್ಲಿದ್ದಾಗ ಪಾತ್ರಧಾರಿಗಳು ಕದ್ದು ಓದಿ, ಯಾರ ಸಾಲು ಹೋಯಿತು, ಯಾರಿಗೆ ಸಾಲು ಹೆಚ್ಚಾಯಿತು ಎಂದು ಜಗಳ ತೆಗೆಯುತ್ತಿದ್ದರು. ರಾಜನ ಪಾತ್ರದ ವೇಲುಸಾಮಿ ಒಮ್ಮೆ ಎರಡು ಸಾಲು ಹೋದದ್ದಕ್ಕೆ ಸಿಟ್ಟಾಗಿ, ಕಿರೀಟ ಹಾಕಿಕೊಂಡೇ ಧಾರಾಪುರದ ಬಸ್ ಹತ್ತಿದ್ದ. ಕಂಡಕ್ಟರು ಟಿಕೆಟ್ ಕೇಳಿದ ಮೇಲೆಯೇ ಅವನಿಗೆ ಎಚ್ಚರವಾದದ್ದು. ಆ ವಾರವೇ ಮಾವ ನನ್ನನ್ನು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದರು. ಈಗ ಇದನ್ನು ಬರೆಯುತ್ತಿರುವುದು ಆ ಅಕ್ಷರದಲ್ಲೇ.

ಅಕ್ಷರದ ಜೊತೆಗೆ ಕೆಲಸವನ್ನೂ ಕಲಿಸಿದರು. “ಮೊದಲ ಮಾತು ಮಾತ್ರ ಕೊಡಡಾ ನಂಜ. ಮಿಕ್ಕದ್ದು ಅವನ ಹೊಟ್ಟೇಲೇ ಇರುತ್ತೆ, ತಾನಾಗಿ ಬರುತ್ತೆ. ಪೂರಾ ಸಾಲು ಕೊಟ್ಟೆ ಅಂದ್ರೆ ಅವನು ಸತ್ತ ಅಂತ ನೀನೇ ಸಾರಿದ ಹಾಗೆ.” ಪಾತ್ರಧಾರಿಗಳಿಗೆ ಇನ್ನೊಂದು ಕಟ್ಟು: ಮಾತು ಮರೆತರೂ ಪ್ರಾಣ ಹೋದರೂ ಪ್ರಾಂಪ್ಟರಿನ ಕಡೆ ತಿರುಗಿ ನೋಡಬಾರದು. ತಿರುಗಿದರೆ ಕೂತವರಿಗೆಲ್ಲ ತಿಳಿದುಹೋಗುತ್ತದೆ.

ಕಂಪನಿಯ ಮತ್ತೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡಬೇಕು. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಕಿರೀಟ, ಹಾರ್ಮೋನಿಯಂ, ಗೆಜ್ಜೆ ಎಲ್ಲವನ್ನೂ ಪೂಜೆಗಿಟ್ಟು, ಮಾವ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ವೀಳ್ಯ ಮತ್ತು ಒಂದು ಪಂಚೆ ಕೊಡುತ್ತಿದ್ದರು. ಹೆಸರು ಬಂದವನು ಇನ್ನೊಂದು ವರ್ಷ ಕಂಪನಿಯವನು. ಬರದಿದ್ದವನು ಬೇಡವಾದವನು. ಬೈಗುಳವಿಲ್ಲ, ಕಾರಣವಿಲ್ಲ. ಅವನೇ ಅರ್ಥಮಾಡಿಕೊಂಡು ಪೆಟ್ಟಿಗೆ ಎತ್ತಿಕೊಳ್ಳಬೇಕು. ಇಪ್ಪತ್ತು ವರ್ಷದಲ್ಲಿ ಮಾವ ಹಾಗೆ ಬಿಟ್ಟದ್ದು ಇಬ್ಬರನ್ನು ಮಾತ್ರ. ಆದರೂ ಆ ದಿನ ಸಾಲಿನಲ್ಲಿ ಕೂತವರ ಎದೆ ಹೊಡೆದುಕೊಳ್ಳುವುದು ತಪ್ಪುತ್ತಿರಲಿಲ್ಲ. ಮೊದಲು ರಾಜ, ಆಮೇಲೆ ರಾಣಿ, ಹಾಸ್ಯಗಾರ, ವಾದ್ಯದವರು, ಪರದೆ ಎಳೆಯುವವರು, ಅಡುಗೆ. ಎಲ್ಲರಿಗೂ ಕೊನೆಗೆ ಪ್ರಾಂಪ್ಟರ್. ಕಾಣದವನಿಗೆ ಕೊನೆಯ ಪಂಚೆ.

ಕಂಪನಿ ಮುಗಿದದ್ದು ವೆಳ್ಳಕೋಯಿಲಿನಲ್ಲಿ, ಎಂಬತ್ತರ ದಶಕದ ನಡುಭಾಗದಲ್ಲಿ. ಆಗ ಊರೂರಲ್ಲಿ ಟಿ.ವಿ.ಯನ್ನೂ ವಿಡಿಯೋ ಪೆಟ್ಟಿಗೆಯನ್ನೂ ಬಾಡಿಗೆಗೆ ತಂದು ಸಿನಿಮಾ ಹಾಕುವುದು ಶುರುವಾಗಿತ್ತು. ನಮ್ಮ ಚಪ್ಪರ ಖಾಲಿ. ಆದರೆ ವಿಚಿತ್ರ ನೋಡಿ, ಹಗಲು ಹೊತ್ತು ಚಪ್ಪರದ ಹಿಂದೆ ಜನ. ಇಡೀ ಕಂಪನಿಗೆ ಅಡುಗೆ ಮಾಡುತ್ತಿದ್ದದ್ದು ಮಾವನ ಹೆಂಡತಿ ಸಿದ್ಧಮ್ಮತ್ತೆ. ಅವರ ಹುರುಳಿ ರಸದ ವಾಸನೆಗೆ ಊರ ಹೆಂಗಸರು ಪಾತ್ರೆ ಹಿಡಿದು ಬಂದು “ಒಂದು ಸೌಟು ಹಾಕಕ್ಕಾ” ಎಂದು ನಿಲ್ಲುತ್ತಿದ್ದರು.

ಮಾವ ಒಂದು ದಿನ ಆ ಸಾಲನ್ನು ನೋಡುತ್ತ ನಿಂತರು. “ನೋಡಡಾ, ನಾಟಕಕ್ಕೆ ಇಪ್ಪತ್ತು ಜನ, ರಸಕ್ಕೆ ನಲವತ್ತು ಜನ. ಇಷ್ಟು ವರ್ಷ ತಪ್ಪು ಪಾರ್ಟಿಯನ್ನ ಮುಂದೆ ನಿಲ್ಲಿಸಿಬಿಟ್ಟೆ.”

ಒಲೆಯ ಮುಂದಿನಿಂದ ಅತ್ತೆ ಹೇಳಿದರು, “ಇವತ್ತಾದ್ರೂ ತಿಳೀತಲ್ಲ ಸಾಮಿ!”

ಹೀಗೆ ಕಾಂಗೇಯದಲ್ಲಿ ಹೊಟೇಲು ಎದ್ದಿತು. ಬೋರ್ಡಿನ ಮೇಲೆ ದೇವಿಯ ಹೆಸರಿತ್ತು. ಜನ ಮಾತ್ರ ನಾಟಕಕಡೈ ಎಂದೇ ಕರೆದರು, ನಾಟಕದವರ ಅಂಗಡಿ ಅಂತ. ಮಾವ ಯಾರನ್ನೂ ಬಿಡಲಿಲ್ಲ. ರಾಜನ ಪಾತ್ರದ ವೇಲುಸಾಮಿ ಬಡಿಸಲು ನಿಂತ. ಒಂದೇ ತೋಳಿನ ಮೇಲೆ ನಾಲ್ಕು ತಟ್ಟೆ ಹೊತ್ತು ಅವನು ನಡೆದು ಬಂದರೆ ಕೂತವರು ಎದ್ದು ನಿಲ್ಲಬೇಕೇನೋ ಎಂಬಂತೆ ಇರುತ್ತಿತ್ತು. ಹಾರ್ಮೋನಿಯಂ ಕೈ ಕಾಫಿ ಎತ್ತಿ ಹೊಯ್ಯುವುದಕ್ಕೆ ಬಂತು. ಹಾಸ್ಯಗಾರ ದೋಸೆ ಕಲ್ಲಿನ ಮುಂದೆ ನಿಂತ. ಉದ್ಯಾನವನದ ಸೀನಿನ ಹಳೆಯ ಪರದೆಯನ್ನು ಕತ್ತರಿಸಿ ಅಡುಗೆಮನೆಯ ಚೌಕಟ್ಟಿಗೆ ತೂಗುಹಾಕಿದೆವು. ನವಿಲಿನ ಅರ್ಧ ಬಾಲ, ಒಂದು ಕೊಳ, ಎರಡು ಕಮಲ ಅದರ ಪಾಲಿಗೆ ಬಂದಿದ್ದವು. ನಾನು ಆ ಪರದೆಯ ಪಕ್ಕ ನಿಂತು, ಹೊರಗೆ ಕೇಳಿದ್ದನ್ನು ಒಳಗೆ ಕೂಗುವವನಾದೆ.

ಈಗ ಊರಿಗೆಲ್ಲ ಮೊದಲಾಳಿ, ಅಂದರೆ ಯಜಮಾನರು, ಆಗಿದ್ದ ಮಾವ ಗಲ್ಲಾದ ಹತ್ತಿರ ಕೂರುತ್ತಿರಲಿಲ್ಲ, ನಿಲ್ಲುತ್ತಿದ್ದರು. ಒಮ್ಮೆ ಬಂದು ಹೋದವನ ಹೆಸರು ಅವರಿಗೆ ಮರೆಯುತ್ತಿರಲಿಲ್ಲ. ಎತ್ತು ಕೊಳ್ಳಲು ದೂರದಿಂದ ಬಂದ ರೈತ ಆರು ತಿಂಗಳ ಮೇಲೆ ಮತ್ತೆ ಬಂದರೆ, “ವಾಂಗ, ಬನ್ನಿ ಪಳನಿಯಪ್ಪಣ್ಣ, ಆ ಬಿಳಿ ಜೋಡಿ ಗಾಡಿಗೆ ಹೊಂದಿಕೊಂಡಿತಾ?” ಎನ್ನುವರು. ಆ ಮನುಷ್ಯ ಒಂದು ಇಡ್ಲಿ ಹೆಚ್ಚಿಗೆ ತಿಂದು ಹೋಗುತ್ತಿದ್ದ. ನಮಗಿಂತ ದೊಡ್ಡ ಹೊಟೇಲುಗಳು ಬಸ್ ನಿಲ್ದಾಣದ ಸುತ್ತ ಇದ್ದವು. ಹೆಸರು ಹಿಡಿದು ಕರೆಯುವ ಹೊಟೇಲು ಅದೊಂದೇ. ಹತ್ತು ಜನರ ಬದುಕು ಆ ಒಂದು ನಾಲಗೆಯ ಮೇಲೆ ನಿಂತಿತ್ತು.

ಎರಡನೇ ವರ್ಷದ ಆಡಿಯಲ್ಲಿ ಆ ನಾಲಗೆ ತಪ್ಪಿತು.

ಎಣ್ಣೆ ಗಿರಣಿಯ ಕುಪ್ಪುಸಾಮಿ ಗೌಂಡರು ದಿನವೂ ಎಂಟೂವರೆಗೆ ತಮ್ಮ ಅಣ್ಣನನ್ನು ಕರೆದುಕೊಂಡು ತಿಂಡಿಗೆ ಬರುತ್ತಿದ್ದವರು. ಅಣ್ಣ ತೀರಿಕೊಂಡು ಹದಿನೈದು ದಿನವಾಗಿತ್ತು. ಮಾವ ಮಸಣದವರೆಗೂ ನಡೆದು ಹೋಗಿ ಬಂದಿದ್ದರು. ಅಂದು ಬೆಳಿಗ್ಗೆ ಗೌಂಡರು ಮೊದಲ ಸಲ ಒಬ್ಬರೇ ಬಂದರು. ಬೀದಿಯ ಧೂಳೆಲ್ಲ ಗಾಳಿಗೆ ಒಳಗೆ ನುಗ್ಗುತ್ತಿತ್ತು. ಮಾವ ಕೈ ಮುಗಿದು ನಕ್ಕರು. ಗೌಂಡರನ್ನು ಅವರು ಸಲುಗೆಯಿಂದ ಮಾಪ್ಳೆ, ಅಂದರೆ ಭಾವ, ಎನ್ನುತ್ತಿದ್ದರು.

“ವಾಂಗ ಮಾಪ್ಳೆ! ಎಲ್ಲಿ, ಅಣ್ಣ ಬರಲಿಲ್ಲ? ಅವರಿಗೆ ಅಂತ ಮೆತ್ತಗಿರೋ ಇಡ್ಲಿ ತೆಗೆದಿಟ್ಟಿದ್ದೀನಿ.”

ಇಡೀ ಹೊಟೇಲು ನಿಂತುಹೋಯಿತು.

“ಮೊದಲಾಳಿ, ಇದು ತಮಾಷೆ ಮಾಡೋ ವಿಷಯವಾ?” ಎಂದರು ಗೌಂಡರು. ದನಿ ಏರಿಸಲಿಲ್ಲ. ಹಾಕಿದ ಎಲೆಯ ಮುಂದೆ ಕೂರದೆ ಹಾಗೇ ಇಳಿದು ಹೋದರು. ವೇಲುಸಾಮಿ ಆ ಎಲೆಯನ್ನು ಮಡಿಸಿ ತೆಗೆದ. ಮಾವನ ನಗು ಮುಖದ ಮೇಲೆ ಹಾಗೇ ಇತ್ತು. ತಾವು ಏನಂದರು ಎಂಬುದು ಅವರಿಗೆ ತಿಳಿದಿರಲಿಲ್ಲ.

ಮಧ್ಯಾಹ್ನದ ಊಟ ಮುಗಿದು ಶಟರ್ ಅರ್ಧ ಇಳಿದ ಮೇಲೆ ನನ್ನನ್ನು ರುಬ್ಬುವ ಕಲ್ಲಿನ ಹತ್ತಿರ ಕರೆದರು. ಆ ಹೊತ್ತಿಗೆ ಯಾರೋ ಅವರಿಗೆ ಹೇಳಿದ್ದರು.

“ನಂಜ, ಮುಂದಿನ ಮಾತು ಬರ್ತಾ ಇಲ್ಲಡಾ.”

ನಾನು ಕಲ್ಲಿನ ಪಕ್ಕ ಕೂತೆ.

“ಮುಖ ಬರುತ್ತೆ. ಇಡ್ಲಿಯೋ ದೋಸೆಯೋ, ಅದೂ ಬರುತ್ತೆ. ಹೆಸರು ಬರಲ್ಲ. ಸತ್ತವರು ಸತ್ತದ್ದು ಬರಲ್ಲ.”

“ಎಷ್ಟು ದಿನದಿಂದ ಮಾವ?”

“ಅದೇ ಮರೆತೋಯ್ತಲ್ಲಡಾ,” ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಅವರೂ ನಿಲ್ಲಿಸಿದರು. “ಯಾರಿಗೂ ಗೊತ್ತಾಗಬಾರದು. ನಿನ್ನ ಅತ್ತೆಗಂತೂ ಬೇಡವೇ ಬೇಡ, ಅವಳು ಒಲೆ ಆರಿಸಿ ಕೂತುಬಿಡ್ತಾಳೆ. ಆಯುಧ ಪೂಜೆಗೆ ಎಷ್ಟು ದಿನ ಇದೆ?”

“ಇನ್ನೂ ಎರಡು ತಿಂಗಳ ಮೇಲೆ ಇದೆ.”

“ಅವತ್ತು ಒಬ್ಬನ ಹೆಸರು ಬಿಟ್ಟುಹೋದರೂ…” ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ಕಂಪನಿಯವರೆಲ್ಲ ಮಾವನನ್ನು ನಂಬಿ ಕಿರೀಟ ಬಿಚ್ಚಿಟ್ಟು ಸಾಂಬಾರಿನ ಬಕೆಟ್ ಹಿಡಿದವರು. ಬಿಟ್ಟದ್ದು ಮರೆವಿನಿಂದ ಎಂದು ಗೊತ್ತಾದರೆ ಮಾವನ ಮಾನ ಹೋಯಿತು. ಗೊತ್ತಾಗದಿದ್ದರೆ ಹೆಸರು ಬರದವನ ಬದುಕು ಹೋಯಿತು. “ಆ ಪೂಜೆ ಒಂದು ದಾಟಿಸಿಬಿಡು. ಅಲ್ಲೀವರೆಗೆ ನನ್ನ ಪಕ್ಕ ನಿಲ್ಲು.”

ಮಾರನೆಯ ದಿನ ಮಾವ ತಿಂಡಿಯ ಡಬ್ಬಿಯಲ್ಲಿ ಇಡ್ಲಿ ತುಂಬಿಸಿಕೊಂಡು ತಾವೇ ಎಣ್ಣೆ ಗಿರಣಿಗೆ ನಡೆದರು. ನಾನು ಹಿಂದೆ. ಗೌಂಡರ ಮುಂದೆ ಕೈ ಮುಗಿದು “ನಾಲಗೆ ತಪ್ಪಿತು ಮಾಪ್ಳೆ” ಎಂದಷ್ಟೇ ಅಂದರು. ಗೌಂಡರು ಕೈಯ ಎಣ್ಣೆ ಒರೆಸಿಕೊಂಡರು. “ಬಿಡಿ ಮೊದಲಾಳಿ. ನಾನೂ ಬೆಳಿಗ್ಗೆ ಎದ್ದು ಕಾಫಿಗೆ ಎರಡು ಲೋಟ ತೆಗೀತೀನಿ,” ಎಂದರು. ಡಬ್ಬಿ ತೆಗೆದುಕೊಂಡರು.

ಆ ದಿನವೇ ಗಲ್ಲಾವನ್ನು ಎರಡು ಮಾರು ಹಿಂದಕ್ಕೆ, ಪರದೆಗೆ ತಾಗಿಸಿ ಇಟ್ಟೆವು. ಗಾಳಿಗೆ ಧೂಳು ಬರುತ್ತದೆ ಎಂದು ನೆಪ. ಹಳೆಯ ಪ್ರಾಂಪ್ಟಿಂಗ್ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ನಾನು ಗಿರಾಕಿಗಳನ್ನು ಬರೆಯತೊಡಗಿದೆ. ಒಬ್ಬೊಬ್ಬರಿಗೆ ನಾಲ್ಕು ಸಾಲು: ಹೆಸರು, ಗುರುತು, ತಿನ್ನುವುದು, ಕೇಳಬೇಕಾದದ್ದು. ‘ಮಾರಪ್ಪನ್. ಎಡಗೈ ಕಿರುಬೆರಳಿಲ್ಲ. ರವೆ ದೋಸೆ, ಎಣ್ಣೆ ಕಡಿಮೆ. ಮಗಳಿಗೆ ಹೆರಿಗೆ ಆಯಿತೇ?’ ‘ಟೀಚರಮ್ಮ ರುಕ್ಮಿಣಿ. ದಪ್ಪ ಕನ್ನಡಕ. ಎರಡು ಇಡ್ಲಿ ಕಟ್ಟಿಕೊಡುವುದು. ಏನೂ ಕೇಳಬಾರದು, ಬಸ್ಸಿಗೆ ಹೊತ್ತಾಗುತ್ತದೆ.’ ಕನ್ನಡ ಅಕ್ಷರವಾದ್ದರಿಂದ ಪುಸ್ತಕ ಗಲ್ಲಾದ ಮೇಲೆ ತೆರೆದಿದ್ದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಮಾವ ಅದನ್ನು ಓದುತ್ತ ಕೂರುತ್ತಿದ್ದರು, ಪಾತ್ರಧಾರಿ ತನ್ನ ಮಾತು ಓದಿಕೊಂಡ ಹಾಗೆ.

ಗಿರಾಕಿ ಮೆಟ್ಟಿಲು ಹತ್ತುವಾಗ ಪರದೆಯ ನವಿಲಿನ ಹಿಂದಿನಿಂದ ನಾನು, “ಮಾರ…”

“…ಪ್ಪಣ್ಣ, ವಾಂಗ! ಮಗಳಿಗೆ ಹೆರಿಗೆ ಆಯ್ತಾ?”

ಅಷ್ಟೇ. ಒಂದು ಉಸಿರಿನ ಬಲ. ಮಾವ ಒಮ್ಮೆಯೂ ತಿರುಗಲಿಲ್ಲ. ಯಾರಿಗೆ ಗೊತ್ತಾಗಬೇಕು? ಕೆಲವು ದಿನ ನನಗೇ ಸಂತೋಷವಾಗುತ್ತಿತ್ತು. ಕಂಪನಿ ಮುಗಿದಿಲ್ಲ, ನಾಟಕ ನಡೆಯುತ್ತಿದೆ ಅನ್ನಿಸುತ್ತಿತ್ತು.

ವೇಲುಸಾಮಿ ಒಂದು ದಿನ ತಟ್ಟೆ ಇಳಿಸುತ್ತ ನನ್ನನ್ನೇ ನೋಡಿದ. “ಏನಯ್ಯಾ, ದಿನವೆಲ್ಲ ನವಿಲಿನ ಹಿಂದೆ ಏನು ಪಿಸುಮಾತು? ಲವ್ವಾ?”

“ದೋಸೆಗೆ ಹೇಳ್ತಾ ಇದ್ದೆ.”

“ದೋಸೆಗೆ ಕೂಗ್ತಾರೆ. ಪಿಸುಗುಡೋದು ದೋಸೆಗಲ್ಲ,” ಎಂದು ಹುಬ್ಬು ಹಾರಿಸಿ ಹೋದ. ಆ ಮೇಲೆ ಕೇಳಲಿಲ್ಲ.

ಆಡಿಯ ಮುಂದಿನ ಆವಣಿ ತಿಂಗಳಲ್ಲಿ ಗಾಳಿ ಇಳಿಯಿತು. ಆಗ ಮೊದಲ ಅಕ್ಷರ ಸಾಲದಾಯಿತು, ಹೆಸರು ಪೂರ್ತಿ ಕೊಡಬೇಕಾಯಿತು. ಅದರ ಮುಂದಿನ ಪುರಟ್ಟಾಸಿ ಬರುವ ಹೊತ್ತಿಗೆ ಹೆಸರು ಕೊಟ್ಟರೂ ಅದರ ಹಿಂದಿನ ಮನುಷ್ಯ ಬರುತ್ತಿರಲಿಲ್ಲ. ‘ಮಾರಪ್ಪಣ್ಣ, ವಾಂಗ, ಮಗಳಿಗೆ ಹೆರಿಗೆ ಆಯ್ತಾ’ ಎಂದು ಇಡೀ ಸಾಲು ಕೊಡತೊಡಗಿದೆ. ಮಾವ ಅದನ್ನು ಹಾಗೇ ಹೇಳುತ್ತಿದ್ದರು, ತಪ್ಪಿಲ್ಲದೆ, ನಗುತ್ತ. ಪೂರಾ ಸಾಲು ಕೊಡಬಾರದು ಎಂದು ನನಗೆ ಕಲಿಸಿದವರಿಗೇ ದಿನಕ್ಕೆ ನೂರು ಸಲ ಪೂರಾ ಸಾಲು ಕೊಟ್ಟೆ. ಮಾರಪ್ಪನ್ ಮಾತ್ರ ಮೂರನೆಯ ಸಲ ಅದೇ ಪ್ರಶ್ನೆ ಕೇಳಿಸಿಕೊಂಡು, “ಮೊದಲಾಳಿಗೆ ನನ್ನ ಮಗಳ ಮೇಲೆ ಎಷ್ಟು ಅಕ್ಕರೆ!” ಎಂದು ಕಣ್ಣು ಒರೆಸಿಕೊಂಡ. ನಾನು ಪುಸ್ತಕದಲ್ಲಿ ತಿದ್ದಿ ಬರೆದೆ: ಗಂಡು ಮಗು.

ಕಂಪನಿಯವರ ಹೆಸರಿಗೆ ಮಾತ್ರ ಮಾವ ಬೇರೆಯೇ ಕಷ್ಟಪಟ್ಟರು. ಮಧ್ಯಾಹ್ನ ಹೊಟೇಲು ಖಾಲಿಯಾದಾಗ ರುಬ್ಬುವ ಕಲ್ಲಿನ ಹತ್ತಿರ ಕೂತು ನನ್ನ ಕೈಲಿ ಓದಿಸಿ, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ರಾಜ ವೇಲುಸಾಮಿ, ರಾಣಿ ಪಾತ್ರದ ಸುಂದರಂ, ಹೀಗೆ ಸಾಲಾಗಿ ಹತ್ತು ಹೆಸರು. ಹತ್ತನೆಯದು ಅಡುಗೆಯ ಸಿದ್ಧಮ್ಮ. ಅಲ್ಲಿಗೆ ಬಂದಾಗ ಪ್ರತಿ ಸಲವೂ ನಿಲ್ಲಿಸಿ ಹೇಳುತ್ತಿದ್ದರು, “ಆಮೇಲೆ ನೀನು. ನಿನ್ನದೇನು, ಬಿಡು.” ನಾನೂ ಬಿಟ್ಟೆ. ಪ್ರಾಂಪ್ಟರಿನ ಪುಸ್ತಕದಲ್ಲಿ ಪ್ರಾಂಪ್ಟರಿಗೆ ಮಾತಿರುವುದಿಲ್ಲ. ಹನ್ನೆರಡು ವರ್ಷ ಆ ಕೆಲಸ ಮಾಡಿದವನಿಗೆ ತನ್ನ ಹೆಸರನ್ನು ಅದರಲ್ಲಿ ಬರೆಯಬೇಕೆಂದು ಹೊಳೆಯಲೇ ಇಲ್ಲ.

ಆಯುಧ ಪೂಜೆಯ ದಿನ ಮೂಡಣದಲ್ಲಿ ಮೋಡ ಕಟ್ಟಿ ಸೆಕೆ ಹೆಚ್ಚಿತ್ತು. ಹೊಟೇಲಿಗೆ ರಜ. ಬಾಳೆಕಂದು ಕಟ್ಟಿ, ದೋಸೆ ಕಲ್ಲು, ಸೌಟು, ಕಾಫಿ ಫಿಲ್ಟರು, ಅವುಗಳ ಪಕ್ಕ ಕಿರೀಟ, ಹಾರ್ಮೋನಿಯಂ, ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿದೆವು. ಪುರಿ, ಬೆಲ್ಲ, ಹುರಿಗಡಲೆ ಹಂಚಿ ಆಯಿತು. ಹನ್ನೊಂದು ತಟ್ಟೆಯಲ್ಲಿ ಹನ್ನೊಂದು ವೀಳ್ಯ. ಹತ್ತರಲ್ಲಿ ಪಂಚೆ, ಒಂದರಲ್ಲಿ ಅತ್ತೆಗೆ ಸೀರೆ. ಪದ್ಧತಿಯಂತೆ ನಾನು ಪರದೆಯ ಹಿಂದೆ. ಹೆಸರು ಕರೆದ ಮೇಲೆಯೇ ಹೊರಗೆ ಬರಬೇಕು.

“ರಾಜ ವೇಲುಸಾಮಿ!”

ಮಾವನ ದನಿ ಕಂಪನಿಯ ಕಾಲದ್ದೇ. ವೇಲುಸಾಮಿ ಎದ್ದು ಬಂದು ಪಂಚೆ ತೆಗೆದುಕೊಂಡು ಕಾಲಿಗೆ ಬಿದ್ದ. ಸುಂದರಂ, ಹಾಸ್ಯಗಾರ, ಹಾರ್ಮೋನಿಯಂ. ಒಂದೊಂದೂ ಸರಿಯಾಗಿ ಬಂತು. ಎರಡು ಕಡೆ ಮಾತ್ರ ನಾನು ಮೊದಲ ಅಕ್ಷರ ಕೊಟ್ಟೆ, ಎರಡು ಸಲವೂ ಒಂದೇ ಅಕ್ಷರ ಸಾಕಾಯಿತು. ಪರದೆಯ ತೂತಿನಿಂದ ಅವರ ಬೆನ್ನು ಕಾಣುತ್ತಿತ್ತು. ಜುಬ್ಬ ಬೆವರಿಗೆ ಅಂಟಿಕೊಂಡಿತ್ತು. “ಅಡುಗೆಯ ಸಿದ್ಧಮ್ಮ!” ಎಂದಾಗ ನನಗೆ ಉಸಿರು ಬಂತು. ದಾಟಿದೆವು ಅಂದುಕೊಂಡೆ.

ಒಂದು ತಟ್ಟೆ ಉಳಿದಿತ್ತು.

ಮಾವ ಅದನ್ನು ಕೈಗೆತ್ತಿಕೊಂಡರು. ಅದರೊಳಗಿನ ಪಂಚೆಯನ್ನು ನೋಡಿದರು. ಸಾಲಿನಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಎಲ್ಲರ ಮಡಿಲಲ್ಲೂ ವೀಳ್ಯವಿತ್ತು.

ನನಗೆ ತಿಳಿಯಿತು. ಮಾತು ನನ್ನ ಬಾಯಲ್ಲೇ ಇತ್ತು. ‘ನಂ’ ಎಂದರೆ ಸಾಕು, ಬರುತ್ತಿತ್ತೋ ಏನೋ. ಆದರೆ ನಾಲಗೆ ಏಳಲಿಲ್ಲ. ಊರೆಲ್ಲರ ಹೆಸರನ್ನು ಕೊಟ್ಟಿದ್ದೇನೆ, ನನ್ನ ಹೆಸರನ್ನು ನಾನೇ ಹೇಗೆ ಕೊಟ್ಟುಕೊಳ್ಳಲಿ? ಕರೆಸಿಕೊಂಡವನು ಕಂಪನಿಯವನು, ಕರೆಸಿಕೊಳ್ಳದವನು ಬೇಡವಾದವನು. ನನ್ನನ್ನು ನಾನೇ ಕರೆದುಕೊಂಡರೆ ಅದು ಕರೆದಂತೆಯೇ? ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತೇನೆ. ಆಗ ಇದ್ದದ್ದು ಒಂದೇ, ಮಾವನ ಬಾಯಿಂದಲೇ ಬರಲಿ ಎಂಬ ಆಸೆ.

ಆಗ ಮಾವ ತಿರುಗಿದರು.

ಪರದೆಯ ಕಡೆ, ನನ್ನ ಕಡೆ, ಪೂರ್ತಿ ತಿರುಗಿದರು. ಯಾರೂ ಎಂದೂ ತಿರುಗಬಾರದೆಂದು ಇಪ್ಪತ್ತು ವರ್ಷ ಗದರಿದವರೇ. ಕೂತಿದ್ದವರೆಲ್ಲ ನಾಟಕದವರು. ಆ ತಿರುಗುವಿಕೆಯ ಅರ್ಥ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಸುಂದರಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮಾವ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದರಿಂದ ನವಿಲಿನ ಪರದೆ ಸರಿಸಿದರು. ನನ್ನನ್ನು ನೋಡಿದರು. ಆಮೇಲೆ, ಗಿರಾಕಿಗೆ ನಗುವ ಆ ನಗು ನಕ್ಕರು.

“ವಾಂಗ, ವಾಂಗ. ಯಾಕೆ ಇಲ್ಲಿ ನಿಂತುಬಿಟ್ಟಿರಿ? ಒಳಗೆ ಬನ್ನಿ. ಏನು ಕೊಡಲಿ?”

ಜೀವನದಲ್ಲಿ ಮೊದಲ ಸಲ ಅವರು ನನಗೆ ಬಹುವಚನ ಹಾಕಿದ್ದರು.

ಆಗ ವೇಲುಸಾಮಿ ಎದ್ದ. ಹೊಸ ಪಂಚೆಯನ್ನು ಹೆಗಲ ಮೇಲೆ ಎಳೆದುಕೊಂಡು, ಎದೆಯುಬ್ಬಿಸಿ, ರಾಜನ ದನಿಯಲ್ಲಿ ಹೇಳಿದ. ನಾಟಕದಲ್ಲಿ ಎದುರಿನವನು ಮಾತು ಮರೆತು ನಿಂತಾಗ ಅವನು ಹೀಗೇ ಮುಂದೆ ಬಂದು ಸೀನನ್ನು ಎತ್ತಿಕೊಳ್ಳುತ್ತಿದ್ದ.

“ಯಾರಲ್ಲಿ? ನಮ್ಮ ಮೊದಲಾಳಿ ಅತಿಥಿಯನ್ನ ಕರೀತಿದ್ದಾರೆ, ಕೇಳಿಸಲಿಲ್ಲವೇ? ಎಲೆ ಹಾಕಿ! ಇಂದು ಪ್ರಾಂಪ್ಟರಿಗೆ ಮೊದಲ ಎಲೆ!”

ಎಲ್ಲರೂ ಒಟ್ಟಿಗೆ ಎದ್ದರು. ಹಾಸ್ಯಗಾರ “ಹಾಗೇ ಆಗಲಿ ಮಹಾರಾಜ” ಎಂದು ನೆಲಕ್ಕೆ ಬಾಗಿದ, ಬಾಗಿದವನು ಮುಖ ಒರೆಸಿಕೊಂಡೇ ಎದ್ದ. ಎಲೆ ಬಿತ್ತು. ನನ್ನನ್ನು ಕೂರಿಸಿದರು. ಮಾವ ಆ ತಟ್ಟೆಯನ್ನು ನನ್ನ ಪಕ್ಕ ಇಟ್ಟು ತಾವೇ ಬಡಿಸಿದರು, ಬಹಳ ಸಂತೋಷದಿಂದ, ಬಗ್ಗಿ ಬಗ್ಗಿ ಕೇಳುತ್ತ. “ಇನ್ನೊಂದು ಸ್ವಲ್ಪ ರಸ ಹಾಕಲಾ? ನಮ್ಮ ಹುರುಳಿ ರಸ ಊರಿಗೇ ಹೆಸರು.” ಹಾಕಿ ಮಾವ, ಎಂದೆ. ಎಲೆಯಲ್ಲಿ ಒಂದು ಅಗುಳು ಬಿಡದೆ ಉಂಡೆ.

ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕೈ ತೊಳೆಯಲು ಹೋದಾಗ ಅತ್ತೆ ಅಲ್ಲಿ ಕೂತಿದ್ದರು.

“ಅತ್ತೆ, ನಿಮಗೆ ಹೇಳಬಾರದು ಅಂತ ಮಾವ…”

“ನನಗೆ ಆಡಿಗೆ ಮುಂಚೆಯಿಂದ ಗೊತ್ತು ನನ್ನ ಕಣ್ಣೇ.” ಅತ್ತೆ ತಲೆಯೆತ್ತಲಿಲ್ಲ. “ಬೆಳಿಗ್ಗೆ ಕಣ್ಣು ಬಿಟ್ಟಕೂಡಲೇ ‘ನಾನು ಸಿದ್ಧಿ, ಕಾಫಿ ತಂದಿದ್ದೀನಿ’ ಅಂತೀನಿ. ಮಿಕ್ಕದ್ದು ಅವರೇ ಹೇಳ್ಕೋತಾರೆ. ಒಂದೊಂದು ದಿನ ನಾನು ಹೇಳೋಕೆ ಮುಂಚೆ ನನ್ನ ಮುಖ ನೋಡ್ತಾರೆ ನೋಡು, ಆಗ…” ಸೀರೆಯ ಸೆರಗಿನಿಂದ ಕೊಳಗದ ಅಂಚು ಒರೆಸಿದರು. “ನಿನಗೆ ಯಾಕೆ ಹೇಳಲಿಲ್ಲ ಅಂದ್ರೆ, ನಿನ್ನ ಮುಂದಾದರೂ ಅವರು ಗಟ್ಟಿಯಾಗಿರಲಿ ಅಂತ.”

ಒಬ್ಬ ಮನುಷ್ಯನಿಗೆ ಇಬ್ಬರು ಪ್ರಾಂಪ್ಟರು. ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು.

ಆ ಸಂಜೆಯೇ ಮಳೆ ಹಿಡಿಯಿತು. ನಮ್ಮ ಒಣ ಸೀಮೆಯಲ್ಲಿ ಅಂಥ ಮಳೆ ಅಪರೂಪ. ಆಮೇಲೆ ಮಾವ ಗಲ್ಲಾದ ಹತ್ತಿರ ನಿಲ್ಲಲಿಲ್ಲ, ಒಳಗೆ ಅತ್ತೆಯ ಕಣ್ಣೆದುರಿನ ಬೆಂಚಿನ ಮೇಲೆ ಕೂರುತ್ತಿದ್ದರು. ಗಲ್ಲಾಕ್ಕೆ ವೇಲುಸಾಮಿ ಬಂದ. ಅವನಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಎಲ್ಲರನ್ನೂ “ಬಾ ರಾಜಾ” ಎನ್ನುತ್ತಿದ್ದ. ಜನ ಅದಕ್ಕೂ ಒಗ್ಗಿಕೊಂಡರು. ಗೌಂಡರು ಮಾತ್ರ ದಿನವೂ ಒಳಗೆ ಬಂದು, “ಮೊದಲಾಳಿ, ನಾನು ಕುಪ್ಪುಸಾಮಿ” ಎಂದು ತಾವೇ ಹೇಳಿ, ಮಾವ ಕೈ ಮುಗಿದ ಮೇಲೆ ತಿಂಡಿಗೆ ಕೂರುತ್ತಿದ್ದರು. ಕಂಪನಿಯವರು ಯಾರೂ ಬಿಟ್ಟುಹೋಗಲಿಲ್ಲ. ಎರಡು ವರ್ಷದ ಮೇಲೆ ಮಾವ ತೀರಿಕೊಂಡರು. ಆಮೇಲೆಯೇ ಹೊಟೇಲು ಮುಚ್ಚಿದ್ದು, ನಾನು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ್ದು.

ಪುಸ್ತಕದ ವಿಷಯ ಹೇಳಿ ಮುಗಿಸುತ್ತೇನೆ. ಪೂಜೆಯ ಮಾರನೆಯ ಬೆಳಿಗ್ಗೆ, ಮಳೆಗೆ ಗಿರಾಕಿಯಿಲ್ಲದ ಹೊತ್ತಿನಲ್ಲಿ, ಬಿಟ್ಟುಹೋಗಿದ್ದ ನನ್ನ ಹೆಸರನ್ನು ಬರೆದಿಡೋಣ ಎಂದು ಅದನ್ನು ತೆರೆದೆ. ತಡವಾಗಿತ್ತು, ಆದರೂ. ಕೊನೆಯ ಹಾಳೆಗೆ ಹೋದರೆ ಅಲ್ಲಿ ಆಗಲೇ ಬರಹವಿತ್ತು. ನನ್ನ ಕೈಬರಹವಲ್ಲ. ಮಾವನದು, ನಡುಕವಿಲ್ಲದ ದುಂಡು ಅಕ್ಷರ. ಆವಣಿಯಿಂದ ಅವರ ಕೈ ನಡುಗುತ್ತಿತ್ತು. ಹಾಗಾದರೆ ಇದನ್ನು ಬರೆದದ್ದು ಆಡಿಯಲ್ಲೇ, ಗಾಳಿ ಬೀಸುತ್ತಿದ್ದಾಗಲೇ. ಪೂಜೆಯ ದಿನ ಈ ಹಾಳೆಯವರೆಗೆ ಬರಬೇಕೆಂಬುದು ಅವರಿಗೆ ಮರೆತಿತ್ತು.

ಪಂಪಿನ ಅಂಗಡಿಯ ಹೆಣ್ಣುಮಗಳು “ಏನಾದರೂ ಸಿಕ್ಕಿತುಂಗಾ ಅಯ್ಯಾ?” ಎಂದಾಗ ನಾನು ಆ ನಾಲ್ಕು ಸಾಲನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಗಿರಾಕಿಗಳಿಗೆ ಬರೆದ ಹಾಗೆಯೇ ಇತ್ತು, ಅದೇ ಕ್ರಮದಲ್ಲಿ:

ನಂಜುಂಡ. ತಂಗಿಯ ಮಗ.

ಪರದೆಯ ಹಿಂದೆ ಇರುತ್ತಾನೆ, ಕಾಣಿಸುವುದಿಲ್ಲ.

ಏನು ಉಳಿದಿರುತ್ತದೋ ಅದನ್ನು ತಿನ್ನುತ್ತಾನೆ.

ಈ ಸಲ ಇವನನ್ನು ಮೊದಲು ಕರೆಯಬೇಕು.